ಲೆಕ್ಕ ತಡೆದಲ್ಲಿ ಬೆರಳು ರೀಲ್ಸ್‌ಗೆ ಜಾರಿದರೆ: ಹದಿಹರೆಯದ ಯೋಚನಾಶಕ್ತಿಗೆ ಆಗುತ್ತಿರುವುದೇನು?

ವರ್ಗಸಮೀಕರಣ ಪಾಠ ಮಾಡುವ ಗಣಿತ ಮೇಷ್ಟ್ರುಗಳಿಗೆಲ್ಲ ಗೊತ್ತಿರುವ ಒಂದು ದೋಣಿ ಲೆಕ್ಕ ಇದೆ. ನಿಂತ ನೀರಿನಲ್ಲಿ ಗಂಟೆಗೆ 18 ಕಿ.ಮೀ. ವೇಗದಲ್ಲಿ ಸಾಗುವ ಮೋಟಾರು ದೋಣಿಯೊಂದು ಹೊಳೆಯ ಹರಿವಿಗೆ ಎದುರಾಗಿ 24 ಕಿ.ಮೀ. ಹೋಗುತ್ತದೆ. ಅಷ್ಟೇ ದೂರವನ್ನು ಹರಿವಿನ ಜೊತೆ ವಾಪಸು ಬರುವುದಕ್ಕಿಂತ, ಹೋಗುವುದಕ್ಕೆ 1 ಗಂಟೆ ಹೆಚ್ಚು ಹಿಡಿಯುತ್ತದೆ. ಹಾಗಾದರೆ ಹರಿವಿನ ವೇಗ ಎಷ್ಟು?

ಇದಕ್ಕೆ ಬೇಕಾದ ಸೂತ್ರ ಒಂದೇ: ದೂರವನ್ನು ವೇಗದಿಂದ ಭಾಗಿಸಿದರೆ ಕಾಲ. ಅದು ಹತ್ತನೇ ಕ್ಲಾಸಿನ ಎಲ್ಲರಿಗೂ ಗೊತ್ತು. ಕಷ್ಟ ಇರುವುದು ಬೇರೆ ಕಡೆ. ದೋಣಿಯ ವೇಗ 18 ಎಂಬುದನ್ನು ತಲೆಯಲ್ಲಿಟ್ಟುಕೊಳ್ಳಬೇಕು. ಹರಿವಿನ ವೇಗ ಗೊತ್ತಿಲ್ಲ, ಅದನ್ನು ಎಕ್ಸ್ ಅಂದುಕೊಳ್ಳಬೇಕು. ಎದುರು ಹೋಗುವಾಗ ಕಳೆಯಬೇಕು, ಜೊತೆಗೆ ಬರುವಾಗ ಕೂಡಿಸಬೇಕು. ಎರಡಕ್ಕೂ ಬೇರೆ ಬೇರೆ ಕಾಲ ಬರುತ್ತದೆ. ಯಾವ ಕಾಲದಿಂದ ಯಾವುದನ್ನು ಕಳೆದರೆ 1 ಉಳಿಯುತ್ತದೆ ಎಂದು ತೀರ್ಮಾನಿಸಬೇಕು. ಮನುಷ್ಯನ ಕಾರ್ಯಸ್ಮೃತಿ, ಅಂದರೆ ಕೆಲಸ ಮುಗಿಯುವ ತನಕ ಮಾಹಿತಿಯನ್ನು ಹಿಡಿದಿಡುವ ತಾತ್ಕಾಲಿಕ ನೆನಪು, ಒಂದು ಹೊತ್ತಿಗೆ ಸುಮಾರು ನಾಲ್ಕು ಸಂಗತಿಗಳನ್ನಷ್ಟೇ ತಾಳಿಕೊಳ್ಳುತ್ತದೆ. ಇಲ್ಲಿ ಅದಕ್ಕಿಂತ ಹೆಚ್ಚಿವೆ. ಹಾಗಾಗಿ ಲೆಕ್ಕ ತಡೆಯುತ್ತದೆ. ಚೆನ್ನಾಗಿ ಓದುವವರಿಗೂ ತಡೆಯುತ್ತದೆ. ಅದನ್ನು ದಾಟಿದ ಮೇಲೂ ಕೊನೆಯಲ್ಲಿ 6 ಮತ್ತು −54 ಎಂದು ಎರಡು ಬೆಲೆ ಸಿಗುತ್ತವೆ; ಹೊಳೆಯ ವೇಗ ಋಣ ಸಂಖ್ಯೆ ಆಗಲಾರದು ಎಂದು ಒಂದು ಕ್ಷಣ ನಿಂತು ಯೋಚಿಸಿದವರು ಮಾತ್ರ 6 ಅನ್ನು ಆರಿಸುತ್ತಾರೆ.

ಯೋಚನೆ ಶುರುವಾಗುವುದೇ ಈ ತಡೆದು ನಿಂತ ಜಾಗದಲ್ಲಿ. ಏನೂ ಹೊಳೆಯದ ಎರಡು ಮೂರು ನಿಮಿಷವನ್ನು ಸಹಿಸಿಕೊಂಡು, ಚಿತ್ರ ಬರೆದು, ಗೊತ್ತಿರುವುದನ್ನು ಕಾಗದಕ್ಕಿಳಿಸಿ, ತಪ್ಪು ದಾರಿ ಹಿಡಿದು ವಾಪಸು ಬಂದಾಗ ದಾರಿ ಕಾಣುತ್ತದೆ. ಇವತ್ತು ಆ ಎರಡು ಮೂರು ನಿಮಿಷಗಳಲ್ಲಿ ಮಕ್ಕಳ ಕೈ ಫೋನಿಗೆ ಹೋಗುತ್ತಿದೆ. ರೀಲ್ಸ್, ಶಾರ್ಟ್ಸ್‌ಗಳಿಂದ ಆಗುವ ನಷ್ಟವನ್ನು ಅಳೆಯಬೇಕಾದ ಜಾಗ ಇದು ಎನ್ನುವುದು ಈ ಲೇಖನದ ವಾದ. ಮೆದುಳು ಕೊಳೆತುಹೋಯಿತು, ಒಂದು ಪೀಳಿಗೆಯೇ ಹಾಳಾಯಿತು ಎಂಬ ಗದ್ದಲಕ್ಕೆ ಗಟ್ಟಿ ಆಧಾರವಿಲ್ಲ. ತಡೆದು ನಿಲ್ಲುವ ಅಭ್ಯಾಸ ತಪ್ಪುತ್ತಿದೆ ಎನ್ನುವುದಕ್ಕೆ ಸಾಕಷ್ಟು ಆಧಾರ ಇದೆ.

ಆ್ಯಪ್ ಹೋಯಿತು, ಬೆರಳಿನ ಆಟ ಉಳಿಯಿತು

2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಖಾಲಿಯಾದ ಜಾಗ ತುಂಬಲು ಹೆಚ್ಚು ದಿನ ಬೇಕಾಗಲಿಲ್ಲ. ಜುಲೈಯಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಭಾರತಕ್ಕೆ ಬಂತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸ್ ಅನ್ನು ಮೊದಲು ಇಲ್ಲಿಯೇ ಪ್ರಯೋಗಕ್ಕೆ ಬಿಟ್ಟಿತು. ಮೋಜ್, ಜೋಶ್‌ನಂಥವು ನಮ್ಮ ಬೆಂಗಳೂರಿನ ಕಂಪನಿಗಳಿಂದಲೇ ಹೊರಟವು. ನಿಷೇಧವಾದದ್ದು ಒಂದು ಹೆಸರು. ಹೆಬ್ಬೆರಳು ಮೇಲಕ್ಕೆ ತಳ್ಳಿದರೆ ಮುಂದಿನ ವಿಡಿಯೊ ತಾನೇ ಬರುವ ವಿನ್ಯಾಸ ಎಲ್ಲೂ ಹೋಗಲಿಲ್ಲ.

ಉದ್ದದ ಪ್ರಶ್ನೆಯನ್ನೂ ಇಲ್ಲೇ ಮುಗಿಸಿಬಿಡಬಹುದು. 15 ಸೆಕೆಂಡಿನಿಂದ ಶುರುವಾದ ರೀಲ್ಸ್ ಈಗ 3 ನಿಮಿಷದವರೆಗೂ ಇರಬಹುದು. ಶಾರ್ಟ್ಸ್ ಕೂಡ 2024ರ ಅಕ್ಟೋಬರ್‌ನಿಂದ 3 ನಿಮಿಷಕ್ಕೆ ಏರಿದೆ. ವಿಡಿಯೊ ಗಿಡ್ಡವಾಗಿರುವುದೇ ಕೇಡು ಅಂದರೆ ಮೂಲವನ್ನು ಬಿಟ್ಟು ಬಾಲ ಹಿಡಿದಂತೆ. ಕೈವಾರದಲ್ಲಿ ಕೋನಾರ್ಧಕ ಎಳೆಯುವುದನ್ನು 40 ಸೆಕೆಂಡಿನಲ್ಲಿ ತೋರಿಸುವ ವಿಡಿಯೊ ಒಳ್ಳೆಯ ಪಾಠವೇ. ಮುಂದೇನು ನೋಡಬೇಕು ಎಂಬ ತೀರ್ಮಾನ ನೋಡುವವನ ಕೈತಪ್ಪಿ ಹೋಗಿರುವುದು ಇಲ್ಲಿನ ತೊಡಕು.

ಹಳ್ಳಿಗಳಲ್ಲೂ ಇದು ದೂರದ ಸುದ್ದಿಯಾಗಿ ಉಳಿದಿಲ್ಲ. ಗ್ರಾಮೀಣ ಭಾರತದ ಮನೆಮನೆಗೆ ಹೋಗಿ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿ ನೋಡಿ. 14ರಿಂದ 16 ವಯಸ್ಸಿನವರಲ್ಲಿ ಶೇ 89ರಷ್ಟು ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು, ಶೇ 82ರಷ್ಟು ಮಕ್ಕಳಿಗೆ ಅದನ್ನು ಬಳಸಲು ಬರುತ್ತಿತ್ತು. ಬಳಸಲು ಬರುವವರಲ್ಲಿ ಹಿಂದಿನ ವಾರ ಓದಿಗೆ ಸಂಬಂಧಿಸಿದ ಕೆಲಸಕ್ಕೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಬಳಸಲು ಬಲ್ಲ ಮಕ್ಕಳಲ್ಲೂ ಸ್ವಂತ ಫೋನ್ ಇದ್ದವರು ಅರ್ಧಕ್ಕಿಂತ ಕಡಿಮೆ. ಅಂದರೆ ಬಹಳಷ್ಟು ಮಕ್ಕಳು ನೋಡುವುದು ಅಪ್ಪ, ಅಮ್ಮ ಅಥವಾ ಅಣ್ಣನ ಫೋನಿನಲ್ಲಿ. ಆ ಫೀಡ್, ಅಂದರೆ ಆ್ಯಪ್ ತಾನೇ ಆರಿಸಿ ಒಂದರ ಹಿಂದೊಂದು ತೋರಿಸುವ ವಿಡಿಯೊಗಳ ಸಾಲು, ರೂಪುಗೊಂಡಿರುವುದು ದೊಡ್ಡವರು ನೋಡಿದ್ದರ ಮೇಲೆ. ಆ ಖಾತೆಯಲ್ಲಿ ದಾಖಲಾಗಿರುವ ವಯಸ್ಸೂ ದೊಡ್ಡವರದೇ. ಹದಿಹರೆಯದವರಿಗೆಂದೇ ಕಂಪನಿಗಳು ಮಾಡಿರುವ ರಕ್ಷಣೆಗಳು ಈ ಮಕ್ಕಳನ್ನು ಮುಟ್ಟುವುದೇ ಇಲ್ಲ. ನಗರಗಳನ್ನು ಮಾತ್ರ ಕಣ್ಣಮುಂದಿಟ್ಟುಕೊಂಡ ಚರ್ಚೆಗಳಲ್ಲಿ ಈ ಮಾತು ಬಿಟ್ಟೇಹೋಗುತ್ತದೆ.

ಫೀಡ್ ಕೆಲಸ ಮಾಡುವ ಬಗೆ

ನೀವು ಲೈಕ್ ಒತ್ತದಿದ್ದರೂ ಫೀಡ್ ನಿಮ್ಮನ್ನು ಓದುತ್ತಿರುತ್ತದೆ. ಯಾವ ವಿಡಿಯೊದಲ್ಲಿ ಎಷ್ಟು ಸೆಕೆಂಡ್ ನಿಂತಿರಿ, ಯಾವುದನ್ನು ಎರಡನೇ ಸಲ ಓಡಲು ಬಿಟ್ಟಿರಿ, ಯಾವುದನ್ನು ಕೂಡಲೇ ತಳ್ಳಿದಿರಿ, ಯಾರಿಗೆ ಕಳಿಸಿದಿರಿ ಎನ್ನುವುದೆಲ್ಲ ಲೆಕ್ಕಕ್ಕೆ ಬರುತ್ತದೆ. ವಿಡಿಯೊ ಚಿಕ್ಕದಾದಷ್ಟೂ ಗಂಟೆಗೆ ಸಿಗುವ ಸೂಚನೆಗಳು ಹೆಚ್ಚು. ಒಂದೊಂದಕ್ಕೆ ಸರಾಸರಿ 30 ಸೆಕೆಂಡ್ ಅಂದುಕೊಂಡರೂ ಗಂಟೆಗೆ 120 ವಿಡಿಯೊ, ಅಂದರೆ 120 ಸಲ ಬೇಕು, ಬೇಡ ಎಂಬ ತೀರ್ಪು. ಎರಡು ಗಂಟೆಯ ಸಿನಿಮಾದಿಂದ ಒಂದು ಕಂಪನಿಗೆ ಇಷ್ಟು ಮಾಹಿತಿ ಸಿಗುವುದಿಲ್ಲ. ರೀಲ್ಸ್ ಅಷ್ಟು ಬೇಗ ನಮ್ಮ ರುಚಿ ಹಿಡಿಯುವುದು ಇದರಿಂದ.

ರೀಲ್ಸ್ ಮಾಡುವವರೂ ಇದಕ್ಕೆ ತಕ್ಕಂತೆ ಕಸುಬು ಕಲಿತಿದ್ದಾರೆ. ಮೊದಲ ಎರಡು ಮೂರು ಸೆಕೆಂಡಿನಲ್ಲಿ ಹಿಡಿದು ನಿಲ್ಲಿಸುವ ಮಾತು, ಉಸಿರು ಬಿಡುವ ಜಾಗವನ್ನೂ ಕತ್ತರಿಸಿ ಜೋಡಿಸಿದ ಮಾತುಗಾರಿಕೆ, ಪರದೆ ಮೇಲೆ ದಪ್ಪ ಅಕ್ಷರ, ಹಿಂದೆ ಗೊತ್ತಿರುವ ಹಾಡಿನ ತುಣುಕು. ನೋಡುವವನು ಯೋಚಿಸಲು ಬಿಟ್ಟರೆ ಅವನು ಮುಂದಕ್ಕೆ ಹೋಗಿಬಿಡುತ್ತಾನೆ, ಹಾಗಾಗಿ ಬಿಡುವು ಕೊಡುವಂತಿಲ್ಲ.

ಮುಂದಿನದು ಚೆನ್ನಾಗಿರುತ್ತದೋ ಇಲ್ಲವೋ ಗೊತ್ತಿಲ್ಲ ಎಂಬುದೇ ಬೆರಳನ್ನು ಓಡಿಸುವ ಶಕ್ತಿ. ಎಷ್ಟನೇ ಸಲಕ್ಕೆ ಫಲ ಸಿಗುತ್ತದೆ ಎಂದು ತಿಳಿಯದಿದ್ದಾಗ ವರ್ತನೆ ಬಹಳ ಹೊತ್ತು ಬಿಡದೆ ಮುಂದುವರಿಯುತ್ತದೆ ಎನ್ನುವುದನ್ನು ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಕಳೆದ ಶತಮಾನದ ಮಧ್ಯದಲ್ಲೇ ಪಾರಿವಾಳಗಳ ಪ್ರಯೋಗದಲ್ಲಿ ತೋರಿಸಿದ್ದ. ಇಲ್ಲಿ ಡೋಪಮೈನ್ ಹೆಸರು ಎಲ್ಲರ ಬಾಯಲ್ಲೂ ಬರುತ್ತದೆ. ಅದನ್ನು ಖುಷಿಯ ರಾಸಾಯನಿಕ ಎನ್ನುವುದು ಪೂರ್ತಿ ಸರಿಯಲ್ಲ. ಎಣಿಸಿದ್ದಕ್ಕಿಂತ ಹೆಚ್ಚು ಸಿಕ್ಕಾಗ, ಅಥವಾ ಸಿಗಬಹುದು ಎಂಬ ಸುಳಿವು ಕಂಡಾಗ, ಅದು ಚಿಮ್ಮುತ್ತದೆ. ಮತ್ತೆ ಮಾಡು ಎಂದು ಕಲಿಸುತ್ತದೆ. ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಮೆದುಳು ಸ್ಕ್ಯಾನ್ ಅಧ್ಯಯನದಲ್ಲಿ, ವ್ಯಕ್ತಿಯ ರುಚಿಗೆ ಹೊಂದಿಸಿದ ಟಿಕ್‌ಟಾಕ್ ವಿಡಿಯೊಗಳು ಸಾಮಾನ್ಯ ವಿಡಿಯೊಗಳಿಗಿಂತ ಹೆಚ್ಚಾಗಿ ಡೋಪಮೈನ್ ಮೂಲವಾದ ಭಾಗವನ್ನು ಚುರುಕುಗೊಳಿಸಿದ್ದು ಕಂಡಿತು.

ಹದಿಹರೆಯದವರಿಗೆ ಇದು ಹೆಚ್ಚು ತಟ್ಟಲು ಕಾರಣವಿದೆ. ಫಲಕ್ಕೆ ಹಾತೊರೆಯುವ ವ್ಯವಸ್ಥೆ ಹದಿಹರೆಯ ಶುರುವಾದಾಗಲೇ ಜೋರಾಗುತ್ತದೆ. ತಡಿ, ಈಗ ಬೇಡ ಎಂದು ಹಿಡಿದು ನಿಲ್ಲಿಸುವ ಮುಂಮೆದುಳಿನ ಭಾಗ ಪೂರ್ತಿ ಬಲಿಯುವುದು ಇಪ್ಪತ್ತರ ನಡುವಿನ ವಯಸ್ಸಿನಲ್ಲಿ. ಮಗನಿಗೆ ಸ್ವಲ್ಪವೂ ಹಿಡಿತ ಇಲ್ಲ ಎಂದು ಬೈಯುವ ಮುಂಚೆ, ಆ ಹಿಡಿತ ಇನ್ನೂ ಬೆಳೆಯುತ್ತಿರುವ ವಯಸ್ಸಿನಲ್ಲೇ ಈ ಯಂತ್ರ ಅವನ ಕೈಗೆ ಬಂದಿದೆ ಎಂಬುದನ್ನು ನೆನೆಯಬೇಕು.

ಕಂಪನಿಗಳಿಗೆ ಇದು ಗೊತ್ತಿತ್ತೇ? ಅಮೆರಿಕದ ಕೆಂಟಕಿ ರಾಜ್ಯ ಟಿಕ್‌ಟಾಕ್ ಮೇಲೆ ಹೂಡಿದ ದಾವೆಯಲ್ಲಿ ಮುಚ್ಚಿಡಬೇಕಿದ್ದ ಭಾಗಗಳು ಸರಿಯಾಗಿ ಮುಚ್ಚಿರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಸಾರ್ವಜನಿಕ ರೇಡಿಯೊ ಎನ್‌ಪಿಆರ್ ಅದನ್ನು ಬಯಲಿಗೆ ತಂದಿತು. ಅದರ ಪ್ರಕಾರ ಅಭ್ಯಾಸ ಅಂಟಿಕೊಳ್ಳಲು ಸುಮಾರು 260 ವಿಡಿಯೊ ಸಾಕು ಎಂದು ಕಂಪನಿಯೇ ಲೆಕ್ಕ ಹಾಕಿತ್ತು. ಚಿಕ್ಕ ವಿಡಿಯೊಗಳಾದರೆ ಅದು 35 ನಿಮಿಷದೊಳಗಿನ ಮಾತು. ವಿಶ್ಲೇಷಣೆಯ ಸಾಮರ್ಥ್ಯ, ನೆನಪು ಕಟ್ಟಿಕೊಳ್ಳುವುದು, ಸಂದರ್ಭ ಹಿಡಿದು ಯೋಚಿಸುವುದು, ಮಾತಿನ ಆಳ, ಪರರ ನೋವು ತಿಳಿಯುವ ಗುಣ ಇವೆಲ್ಲ ಕುಗ್ಗುವುದಕ್ಕೂ ವಿಪರೀತ ಬಳಕೆಗೂ ನಂಟಿದೆ ಎಂದು ಕಂಪನಿಯ ಒಳಗಿನ ದಾಖಲೆಯೇ ಬರೆದಿಟ್ಟಿತ್ತು. ಹೊರಗಿನ ಟೀಕಾಕಾರರು ಹೇಳಿದ್ದರೆ ಉತ್ಪ್ರೇಕ್ಷೆ ಎನ್ನಬಹುದಿತ್ತು.

ಸಂಶೋಧನೆ ಎಷ್ಟು ಹೇಳುತ್ತದೆ, ಎಲ್ಲಿ ನಿಲ್ಲುತ್ತದೆ

ಮೊದಲು ಒಂದು ಸುಳ್ಳನ್ನು ಪಕ್ಕಕ್ಕಿಡೋಣ. ಮನುಷ್ಯನ ಗಮನ 8 ಸೆಕೆಂಡಿಗೆ ಇಳಿದಿದೆ, ಗೋಲ್ಡ್‌ಫಿಶ್‌ಗಿಂತ ಕಡಿಮೆ ಎಂಬ ಮಾತು ಶಾಲಾ ವಾರ್ಷಿಕೋತ್ಸವದ ಭಾಷಣಗಳಲ್ಲೂ ಕೇಳಿಬರುತ್ತದೆ. 2015ರಲ್ಲಿ ಮೈಕ್ರೊಸಾಫ್ಟ್ ಕೆನಡಾದ ಒಂದು ಮಾರುಕಟ್ಟೆ ವರದಿಯಿಂದ ಹರಡಿದ ಈ ಅಂಕಿಗೆ ಯಾವ ಪ್ರಯೋಗದ ಆಧಾರವೂ ಇಲ್ಲ. ಮಕ್ಕಳಿಗೆ ಸುಳ್ಳು ನಂಬಬೇಡಿ ಎಂದು ಹೇಳಲು ಹೊರಟವರು ಇದನ್ನು ಬಳಸಬಾರದು.

ಗಟ್ಟಿಯಾದದ್ದು ಏನಿದೆ? ಮ್ಯೂನಿಕ್‌ನ ಸಂಶೋಧಕರು 2023ರಲ್ಲಿ ಮಂಡಿಸಿದ ಪ್ರಯೋಗ ಸರಳವಾದದ್ದು. 60 ಜನರಿಗೆ ಪರದೆ ಮೇಲೆ ಬರುವ ಅಕ್ಷರಗುಂಪು ನಿಜವಾದ ಪದವೋ ಅಲ್ಲವೋ ಎಂದು ಗುರುತಿಸುವ ಕೆಲಸ. ಜೊತೆಗೆ, ಕೆಲವು ನಿರ್ದಿಷ್ಟ ಪದ ಬಂದಾಗ ಬೇರೆ ಗುಂಡಿ ಒತ್ತಬೇಕು ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ನಡುವೆ 10 ನಿಮಿಷ ವಿರಾಮ. ಒಂದು ಗುಂಪು ಸುಮ್ಮನೆ ಕೂತಿತು, ಒಂದು ಟ್ವಿಟರ್ ಓದಿತು, ಒಂದು ಯೂಟ್ಯೂಬ್ ನೋಡಿತು, ಇನ್ನೊಂದು ಟಿಕ್‌ಟಾಕ್ ನೋಡಿತು. ಮರಳಿ ಕೆಲಸಕ್ಕೆ ಕೂತಾಗ, ಮಾಡಬೇಕೆಂದುಕೊಂಡದ್ದನ್ನು ನೆನಪಿನಲ್ಲಿಟ್ಟು ಮಾಡುವ ಸಾಮರ್ಥ್ಯ ಗಣನೀಯವಾಗಿ ಕುಸಿದದ್ದು ಟಿಕ್‌ಟಾಕ್ ಗುಂಪಿನದು ಮಾತ್ರ. ಉಳಿದ ಮೂರೂ ಗುಂಪು ಹಾಗೇ ಇದ್ದವು. ವಿಷಯ, ಧ್ವನಿ, ಭಾವನೆ ಮೂರೂ ಅರ್ಧ ನಿಮಿಷಕ್ಕೊಮ್ಮೆ ಬದಲಾದಾಗ ಮನಸ್ಸು ಹಿಡಿದುಕೊಂಡಿದ್ದ ಎಳೆ ಕಳಚುತ್ತದೆ ಎನ್ನುವುದು ಸಂಶೋಧಕರ ವಿವರಣೆ. ಓದಿನ ನಡುವೆ ಹತ್ತೇ ನಿಮಿಷ ರೀಲ್ಸ್ ನೋಡಿ ಬರ್ತೀನಿ ಎನ್ನುವ ಮಕ್ಕಳಿಗೆ ಇದು ನೇರವಾಗಿ ಸಂಬಂಧಿಸಿದ ಪ್ರಯೋಗ.

ಬೇಸರದ ಬಗ್ಗೆ ಟೊರಾಂಟೊ ವಿಶ್ವವಿದ್ಯಾಲಯದ ಕೇಟಿ ಟ್ಯಾಮ್ ಮತ್ತು ಮೈಕೆಲ್ ಇನ್ಸ್‌ಲಿಕ್ಟ್ 2024ರಲ್ಲಿ ಪ್ರಕಟಿಸಿದ ಪ್ರಯೋಗಗಳೂ ಉಪಯುಕ್ತ. ಜನ ಬೇಸರ ಕಳೆಯಲೆಂದು ವಿಡಿಯೊ ಬದಲಿಸುತ್ತಾರೆ. ಆದರೆ ಒಂದೇ ವಿಡಿಯೊ ನೋಡಲು ಕೂರಿಸಿದವರಿಗಿಂತ, ಬೇಕಾದಂತೆ ಬದಲಿಸಲು ಬಿಟ್ಟವರಿಗೇ ಹೆಚ್ಚು ಬೇಸರವಾಯಿತು. ಒಂದು ಗಂಟೆ ರೀಲ್ಸ್ ನೋಡಿ ಎದ್ದ ಮಗು ಯಾಕೆ ಮೊದಲಿಗಿಂತ ಸಿಡಿಮಿಡಿಯಾಗಿರುತ್ತದೆ ಎನ್ನುವುದಕ್ಕೆ ಇಲ್ಲಿ ಒಂದು ಉತ್ತರ ಸಿಗುತ್ತದೆ.

ದೊಡ್ಡ ಚಿತ್ರ ಬೇಕಾದರೆ 2025ರಲ್ಲಿ ಸೈಕಲಾಜಿಕಲ್ ಬುಲೆಟಿನ್ ಎಂಬ ಸಂಶೋಧನಾ ಪತ್ರಿಕೆ ಪ್ರಕಟಿಸಿದ ವಿಮರ್ಶೆಗೆ ಹೋಗಬೇಕು. 71 ಅಧ್ಯಯನ, ಒಟ್ಟು 98,299 ಜನ. ಕಿರುವಿಡಿಯೊ ಬಳಕೆ ಹೆಚ್ಚಿದಂತೆ ಗಮನ ಕಡಿಮೆ (ಸಹಸಂಬಂಧ −0.38), ತಡೆದುಕೊಳ್ಳುವ ಶಕ್ತಿ ಇನ್ನೂ ಕಡಿಮೆ (−0.41). ಈ ಅಂಕಿಗಳ ಅರ್ಥ ಏನು? −0.38 ಎಂದರೆ, ಗಮನದಲ್ಲಿ ಒಬ್ಬರಿಂದೊಬ್ಬರಿಗೆ ಕಾಣುವ ವ್ಯತ್ಯಾಸದ ಸುಮಾರು ಏಳನೇ ಒಂದು ಭಾಗ ಕಿರುವಿಡಿಯೊ ಬಳಕೆಯ ಜೊತೆ ಹೊಂದಿಕೊಂಡು ಹೋಗುತ್ತದೆ. ಮನೋವಿಜ್ಞಾನದ ಲೆಕ್ಕದಲ್ಲಿ ಅದು ಸಣ್ಣದಲ್ಲ. ಉಳಿದ ಆರು ಭಾಗಕ್ಕೆ ನಿದ್ದೆ, ಮನೆಯ ಪರಿಸ್ಥಿತಿ, ಹುಟ್ಟಿನಿಂದ ಬಂದ ಸ್ವಭಾವ ಇತ್ಯಾದಿ ಕಾರಣ ಎನ್ನುವುದನ್ನೂ ಮರೆಯುವಂತಿಲ್ಲ.

ಯಾವುದು ಕಾರಣ, ಯಾವುದು ಪರಿಣಾಮ ಎಂಬುದು ಇದರಿಂದ ತೀರ್ಮಾನವಾಗುವುದಿಲ್ಲ. ಮೊದಲೇ ಗಮನ ಚಂಚಲವಾಗಿರುವ ಮಗುವಿಗೆ ರೀಲ್ಸ್ ಹೆಚ್ಚು ರುಚಿಸಬಹುದು. ಇಂಥ ಗೋಜಲು ಬಿಡಿಸಲು ಒಂದೇ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಬೇಕು. ಲಾಸ್ ಏಂಜಲೀಸ್‌ನಲ್ಲಿ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಲಕ್ಷಣ ಇಲ್ಲದ 15-16 ವಯಸ್ಸಿನ 2,587 ಮಕ್ಕಳನ್ನು ಎರಡು ವರ್ಷ ಹಿಂಬಾಲಿಸಿದ ಅಧ್ಯಯನ 2018ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 14 ಬಗೆಯ ಡಿಜಿಟಲ್ ಚಟುವಟಿಕೆಗಳಲ್ಲಿ ಯಾವುದನ್ನೂ ವಿಪರೀತ ಮಾಡದವರಲ್ಲಿ ನಂತರ ಲಕ್ಷಣ ಕಂಡದ್ದು ಶೇ 4.6 ಮಕ್ಕಳಲ್ಲಿ, ಹದಿನಾಲ್ಕನ್ನೂ ವಿಪರೀತ ಮಾಡಿದವರಲ್ಲಿ ಶೇ 10.5. ಎರಡು ಪಟ್ಟಿಗಿಂತ ಹೆಚ್ಚು ನಿಜ. ಆದರೂ ವಿಪರೀತ ಬಳಸಿದ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳಿಗೆ ಏನೂ ಆಗಲಿಲ್ಲ ಎನ್ನುವುದೂ ಅಷ್ಟೇ ನಿಜ.

ಬದಲಾದದ್ದು ವಾಪಸು ಬರುತ್ತದೆಯೇ ಎಂಬ ಪ್ರಶ್ನೆಗೆ 2025ರ ಪಿಎನ್‌ಎಎಸ್ ನೆಕ್ಸಸ್ ಪತ್ರಿಕೆಯ ಪ್ರಯೋಗವೊಂದು ಧೈರ್ಯ ಕೊಡುತ್ತದೆ. 467 ವಯಸ್ಕರ ಫೋನಿನಲ್ಲಿ ಎರಡು ವಾರ ಮೊಬೈಲ್ ಇಂಟರ್‌ನೆಟ್ ಕಟ್ ಮಾಡಿದಾಗ (ಕರೆ, ಸಂದೇಶ ಇದ್ದವು, ಕಂಪ್ಯೂಟರಿನಲ್ಲಿ ಇಂಟರ್‌ನೆಟ್ ಇತ್ತು) ಗಮನ ನಿಲ್ಲಿಸುವ ಸಾಮರ್ಥ್ಯ ಅಳೆಯುವಷ್ಟು ಸುಧಾರಿಸಿತು. ಹದಿಹರೆಯದವರ ಮೇಲೆ ಮಾಡಿದ್ದಲ್ಲವಾದರೂ, ಕಳೆದುಕೊಂಡದ್ದು ಶಾಶ್ವತ ಎಂಬ ಭಯಕ್ಕೆ ಇದು ಕಡಿವಾಣ.

ಅರ್ಥವಾಯಿತು ಎಂಬ ಭ್ರಮೆ

ಗಮನಕ್ಕಿಂತ ನಮ್ಮನ್ನು ಹೆಚ್ಚು ಕಾಡಬೇಕಾದ ವಿಷಯ ಇದು. ದೋಣಿ ಲೆಕ್ಕವನ್ನು ಯಾರೋ ಒಬ್ಬರು 50 ಸೆಕೆಂಡಿನಲ್ಲಿ ಚಕಚಕನೆ ಬಿಡಿಸಿ ತೋರಿಸುತ್ತಾರೆ. ನೋಡಿದವನಿಗೆ ಎಲ್ಲ ಅರ್ಥವಾದಂತೆ ಅನಿಸುತ್ತದೆ. ಪರೀಕ್ಷೆಯಲ್ಲಿ ಅದೇ ಲೆಕ್ಕ ಬಂದಾಗ ಎಲ್ಲಿಂದ ಶುರು ಮಾಡಬೇಕೋ ತಿಳಿಯುವುದಿಲ್ಲ.

ಅಮೆರಿಕದ ಅಯೊವಾದಲ್ಲಿ ಶಾನಾ ಕಾರ್ಪೆಂಟರ್ ತಂಡ 2013ರಲ್ಲಿ ಸರಿಯಾಗಿ ಇದನ್ನೇ ಪರೀಕ್ಷಿಸಿತ್ತು. ತ್ರಿವರ್ಣದ ಬೆಕ್ಕುಗಳು ಸಾಮಾನ್ಯವಾಗಿ ಹೆಣ್ಣೇ ಆಗಿರುವುದು ಏಕೆ ಎಂದು ವಿವರಿಸುವ ಸುಮಾರು ಒಂದು ನಿಮಿಷದ ವಿಡಿಯೊ. ಎರಡು ಆವೃತ್ತಿ, ಮಾತು ಒಂದೇ. ಒಂದರಲ್ಲಿ ಉಪನ್ಯಾಸಕಿ ನೇರ ಕಣ್ಣಿಗೆ ಕಣ್ಣಿಟ್ಟು ನಿರರ್ಗಳವಾಗಿ ಹೇಳುತ್ತಾರೆ. ಇನ್ನೊಂದರಲ್ಲಿ ಚೀಟಿ ನೋಡುತ್ತಾ ತಡವರಿಸುತ್ತಾರೆ. ನಿರರ್ಗಳ ವಿಡಿಯೊ ನೋಡಿದವರು ತಮಗೆ ಬಹಳ ನೆನಪಿರುತ್ತದೆ ಎಂದು ಅಂದಾಜಿಸಿದರು. ಪರೀಕ್ಷೆ ಮಾಡಿದರೆ ಎರಡೂ ಗುಂಪಿನ ನೆನಪು ಹೆಚ್ಚುಕಡಿಮೆ ಒಂದೇ. ಚೆನ್ನಾಗಿ ಹೇಳಿದ್ದು ಚೆನ್ನಾಗಿ ಕಲಿತದ್ದು ಎಂದು ಮನಸ್ಸು ತಪ್ಪು ತಿಳಿಯುತ್ತದೆ, ಮತ್ತು ರೀಲ್ಸ್‌ನ ಕಸುಬೇ ಚೆನ್ನಾಗಿ ಹೇಳುವುದು.

ಇದಕ್ಕೆ ಮದ್ದು ಹಳೆಯದೇ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಪಾಠವನ್ನು ನಾಲ್ಕು ಅವಧಿ ಓದಿದವರಿಗೆ ವಾರದ ನಂತರ ನೆನಪಿದ್ದುದು ಶೇ 40. ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರಿಗೆ ಶೇ 61. ವಿಡಿಯೊಕ್ಕೂ ಇದೇ ನಿಯಮ. ನೋಡಿ ಮುಗಿಸಿದ ಕೂಡಲೇ ಫೋನ್ ಬೋರಲು ಹಾಕಿ, ಅದೇ ಲೆಕ್ಕವನ್ನು ಅಂಕಿ ಬದಲಿಸಿ ಬಿಡಿಸಬೇಕು. ದೋಣಿಯ ವೇಗ 9, ದೂರ 12, ವ್ಯತ್ಯಾಸ 1 ಗಂಟೆ ಎಂದಿಟ್ಟುಕೊಳ್ಳಿ. ಹರಿವಿನ ವೇಗ 3 ಬಂದರೆ ಅರ್ಥವಾಗಿದೆ. ಬರದಿದ್ದರೆ ತಡೆದದ್ದು ಯಾವ ಸಾಲಿನಲ್ಲಿ ಎಂದು ಗುರುತು ಹಾಕಿ, ಆ ಭಾಗವನ್ನಷ್ಟೇ ಮತ್ತೆ ನೋಡಬೇಕು. ಹೆಚ್ಚಿನವರು ತಪ್ಪುವುದು ಎರಡು ಕಾಲಗಳಲ್ಲಿ ಚಿಕ್ಕದರಿಂದ ದೊಡ್ಡದನ್ನು ಕಳೆಯುವಾಗ. ನಿಧಾನವಾಗಿ ಹೋದಾಗ ಕಾಲ ಹೆಚ್ಚು ಎಂಬ ಸಾಮಾನ್ಯ ಜ್ಞಾನವನ್ನು ಆ ಗಡಿಬಿಡಿಯಲ್ಲಿ ಬಳಸುವುದೇ ಇಲ್ಲ.

ನೋಡಿದ್ದನ್ನು ನಂಬುವ ಮುಂಚೆ

ಸ್ಟ್ಯಾನ್‌ಫರ್ಡ್‌ನ ಶಿಕ್ಷಣ ಸಂಶೋಧಕರು ಅಮೆರಿಕದ 3,446 ಹೈಸ್ಕೂಲು ಮಕ್ಕಳಿಗೆ ಮತಪೆಟ್ಟಿಗೆಗೆ ಕಳ್ಳಮತ ತುಂಬುವ ಮಸುಕಾದ ವಿಡಿಯೊ ತೋರಿಸಿ, ಇದು ಅಮೆರಿಕದ ಚುನಾವಣಾ ಅಕ್ರಮಕ್ಕೆ ಬಲವಾದ ಸಾಕ್ಷಿಯೇ ಎಂದು ಕೇಳಿದರು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಹೌದು ಅಂದರು. ವಿಡಿಯೊ ರಷ್ಯಾದ್ದು. ಕೈಯಲ್ಲಿ ಇಂಟರ್‌ನೆಟ್ ಇದ್ದರೂ ಅದರ ಮೂಲವನ್ನು ಹುಡುಕಿ ತೆಗೆದವರು ಮೂವರೇ.

ನಮ್ಮಲ್ಲಿ ಹತ್ತಾರು ವರ್ಷಗಳಿಂದ ಸಾಯದೆ ಉಳಿದಿರುವ ಒಂದು ಸುಳ್ಳು, ಯುನೆಸ್ಕೊ ಜನಗಣಮನವನ್ನು ಜಗತ್ತಿನ ಅತ್ಯುತ್ತಮ ರಾಷ್ಟ್ರಗೀತೆ ಎಂದು ಘೋಷಿಸಿತು ಎನ್ನುವುದು. ಮೊದಲು ಇಮೇಲ್, ನಂತರ ವಾಟ್ಸ್‌ಆ್ಯಪ್, ಈಗ ಹಿನ್ನೆಲೆ ಸಂಗೀತದೊಂದಿಗೆ ರೀಲ್ಸ್. ಹೆಮ್ಮೆ ಉಕ್ಕಿಸುವ ಮಾತಾದ್ದರಿಂದ ಪರಿಶೀಲಿಸುವ ಮನಸ್ಸೇ ಬರುವುದಿಲ್ಲ. ಜೊತೆಗೆ, ಪದೇಪದೇ ಕೇಳಿದ್ದು ನಿಜವೆನಿಸುತ್ತಾ ಹೋಗುತ್ತದೆ. 1977ರಿಂದ ಮನೋವಿಜ್ಞಾನಿಗಳು ಮತ್ತೆ ಮತ್ತೆ ಕಂಡಿರುವ ಸಂಗತಿ ಇದು. ಫೀಡ್ ಒಂದೇ ಮಾತನ್ನು ಐದು ಬೇರೆ ಮುಖಗಳಿಂದ ಹೇಳಿಸುತ್ತದೆ. ಐದು ಸಾಕ್ಷಿ ಸಿಕ್ಕಂತೆ ಕಾಣುತ್ತದೆ, ಮೂಲ ಒಂದೇ ಇರುತ್ತದೆ.

ವೃತ್ತಿಪರ ಫ್ಯಾಕ್ಟ್‌ಚೆಕ್ಕರ್‌ಗಳು ವಿಡಿಯೊವನ್ನು ದಿಟ್ಟಿಸುತ್ತಾ ಕೂರುವುದಿಲ್ಲ. ಅದನ್ನು ಬಿಟ್ಟು ಹೊರಗೆ ಹೋಗುತ್ತಾರೆ: ಬೇರೆ ಟ್ಯಾಬ್ ತೆರೆದು ಹೇಳಿದವರು ಯಾರು, ಬೇರೆ ಯಾರು ಇದನ್ನು ವರದಿ ಮಾಡಿದ್ದಾರೆ ಎಂದು ನೋಡುತ್ತಾರೆ. ಮಕ್ಕಳಿಗೂ ಅದನ್ನೇ ಕಲಿಸಬೇಕು. ವಿಡಿಯೊ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿದರೆ ಆ ದೃಶ್ಯ ಮೊದಲು ಎಲ್ಲಿ ಕಾಣಿಸಿತ್ತು ಎಂಬ ಸುಳಿವು ಸಿಗುತ್ತದೆ. ಬೇರೆ ದೇಶದ ದೃಶ್ಯಕ್ಕೆ ಕನ್ನಡದ ಧ್ವನಿ ಅಂಟಿಸಿದ್ದು ಹೆಚ್ಚಾಗಿ ಇಲ್ಲೇ ಸಿಕ್ಕಿಬೀಳುತ್ತದೆ. ಕಾಮೆಂಟ್‌ಗಳನ್ನು ಸಾಕ್ಷಿ ಎಂದು ತಿಳಿಯುವುದು ಮಕ್ಕಳು ಮಾಡುವ ಸಾಮಾನ್ಯ ತಪ್ಪು.

ಮನೆಯಲ್ಲಿ ಮಾಡುವುದು, ಮಾಡಿ ಕೆಡುವುದು

ಎಲ್ಲಕ್ಕಿಂತ ಮೊದಲು ರಾತ್ರಿ. 13ರಿಂದ 18 ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಕಲಿತದ್ದು ಗಟ್ಟಿಯಾಗುವುದೂ ನಿದ್ದೆಯಲ್ಲೇ. ಫೋನ್ ಚಾರ್ಜಿಗೆ ಹಾಕುವ ಜಾಗ ಮಲಗುವ ಕೋಣೆಯ ಹೊರಗಿರಲಿ, ದೊಡ್ಡವರದೂ ಅಲ್ಲೇ. ಅಲಾರಂಗೆ ಬೇಕು ಎಂಬ ನೆಪಕ್ಕೆ ಅಂಗಡಿಯ ಸಾಧಾರಣ ಅಲಾರಂ ಗಡಿಯಾರ ಸಾಕು.

ಎರಡನೆಯದು ಓದಿನ ನಡುವಿನ ವಿರಾಮ. 25-30 ನಿಮಿಷ ಓದಿ 10 ನಿಮಿಷ ಬಿಡುವು ತೆಗೆದುಕೊಳ್ಳುವುದು ಒಳ್ಳೆಯದೇ, ಆ ಹತ್ತು ನಿಮಿಷ ರೀಲ್ಸ್‌ಗೆ ಹೋಗಬಾರದು. ಎಡಿನ್‌ಬರೊದಲ್ಲಿ ವಯಸ್ಸಾದವರ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಥೆ ಕೇಳಿದ ಮೇಲೆ 10 ನಿಮಿಷ ಕಣ್ಣುಮುಚ್ಚಿ ಸುಮ್ಮನೆ ಕೂತವರಿಗೆ, ಪರದೆಯಲ್ಲಿ ಆಟ ಆಡಿದವರಿಗಿಂತ ವಾರದ ನಂತರವೂ ಕಥೆ ಹೆಚ್ಚು ನೆನಪಿತ್ತು. ನೀರು ಕುಡಿಯುವುದು, ತಾರಸಿಯಲ್ಲಿ ಓಡಾಡುವುದು, ಅಡುಗೆಮನೆಯಲ್ಲಿ ಅಮ್ಮನ ಜೊತೆ ನಾಲ್ಕು ಮಾತು ಆಡುವುದು, ಇಷ್ಟಕ್ಕೆ ಆ ಹತ್ತು ನಿಮಿಷ ಸಾಕಾಗುತ್ತದೆ.

ಮೂರನೆಯದು ತಡೆದಾಗ ಪಾಲಿಸುವ ಕ್ರಮ. ಗಡಿಯಾರ ನೋಡಿ 5 ನಿಮಿಷ. ಕೊಟ್ಟಿರುವುದೇನು, ಕೇಳಿರುವುದೇನು ಎಂದು ಬರೆದು ಒಂದು ಚಿತ್ರ ಹಾಕುವುದು. ಆಮೇಲೆ ಪಠ್ಯಪುಸ್ತಕದ ಮಾದರಿ ಲೆಕ್ಕ. ಅದೂ ಸಾಲದಿದ್ದರೆ ಮಾತ್ರ ವಿಡಿಯೊ, ಅದೂ ಹುಡುಕಾಟದ ಪಟ್ಟಿಯಲ್ಲಿ ಬೇಕಾದ್ದನ್ನು ಬರೆದು ತೆಗೆದದ್ದು.

ಸೆಟ್ಟಿಂಗ್ ವಿಷಯಕ್ಕೆ ಬಂದರೆ, ಯೂಟ್ಯೂಬ್‌ನಲ್ಲಿ ವಾಚ್ ಹಿಸ್ಟರಿಯನ್ನು ಅಳಿಸಿ ನಿಲ್ಲಿಸಿಬಿಟ್ಟರೆ ಮುಖಪುಟದ ಶಿಫಾರಸುಗಳು ಖಾಲಿಯಾಗುತ್ತವೆ, ಹುಡುಕಾಟ ಎಂದಿನಂತೆ ಇರುತ್ತದೆ. ಓದುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಒಂದೇ ಬದಲಾವಣೆ ಹೇಳುವುದು ಕಷ್ಟ. ಶಾರ್ಟ್ಸ್‌ಗೆ ದಿನದ ಮಿತಿ ಹಾಕುವ ಸೌಲಭ್ಯವನ್ನೂ 2025ರ ಅಕ್ಟೋಬರ್‌ನಲ್ಲಿ ಕೊಟ್ಟಿದ್ದಾರೆ. ಇನ್‌ಸ್ಟಾಗ್ರಾಂನ ಟೀನ್ ಅಕೌಂಟ್ ಭಾರತಕ್ಕೆ 2025ರ ಫೆಬ್ರುವರಿಯಲ್ಲಿ ಬಂತು: ದಿನಕ್ಕೆ 60 ನಿಮಿಷ ಆದಾಗ ಎಚ್ಚರಿಕೆ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಶನ್ ಬಂದ್, 16 ತುಂಬದವರು ಇದನ್ನು ಸಡಿಲಿಸಲು ಪೋಷಕರ ಒಪ್ಪಿಗೆ. ಖಾತೆ ತೆರೆಯುವಾಗ ಹುಟ್ಟಿದ ವರ್ಷ ಸುಳ್ಳು ಕೊಟ್ಟಿದ್ದರೆ ಇದ್ಯಾವುದೂ ಅನ್ವಯಿಸದು. ಮೊದಲು ಅದನ್ನು ಕೂತು ನೋಡಿ.

ಎಚ್ಚರಿಕೆಯ ಪಾಪ್-ಅಪ್‌ಗಳನ್ನು ನೆಚ್ಚಿಕೊಳ್ಳಬೇಡಿ. ಟಿಕ್‌ಟಾಕ್‌ನ 60 ನಿಮಿಷದ ಮಿತಿಯಿಂದ ಹದಿಹರೆಯದವರ ಬಳಕೆ ಇಳಿದದ್ದು ದಿನಕ್ಕೆ ಸುಮಾರು ಒಂದೂವರೆ ನಿಮಿಷ, 108.5ರಿಂದ 107ಕ್ಕೆ, ಎಂದು ಅದೇ ಕೆಂಟಕಿ ದಾಖಲೆ ಹೇಳುತ್ತದೆ. ಆ್ಯಪ್‌ಗೆ ಮಿತಿ ಹಾಕಿದರೆ ಮಕ್ಕಳು ಬ್ರೌಸರಿನಲ್ಲಿ ತೆರೆಯುತ್ತಾರೆ, ಗೆಳೆಯರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ, ಮನೆಯ ಪಿನ್ ನಂಬರ್ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಒಮ್ಮೆಲೇ ಫೋನ್ ಕಿತ್ತುಕೊಳ್ಳುವುದು ಇನ್ನೂ ಕೆಟ್ಟದಾಗಿ ಮುಗಿಯುತ್ತದೆ, ಏಕೆಂದರೆ ಕ್ಲಾಸಿನ ಗ್ರೂಪ್, ಹೋಂವರ್ಕ್, ಗೆಳೆತನ ಎಲ್ಲವೂ ಅದರೊಳಗಿವೆ. ಮಗುವನ್ನೇ ಕೂರಿಸಿಕೊಂಡು ಮೊದಲ ವಾರ ರಾತ್ರಿಯದ್ದು, ಎರಡನೇ ವಾರ ಓದಿನ ಹೊತ್ತಿನದ್ದು, ಹೀಗೆ ಜಾಗ ನೋಡಿ ಕಡಿಮೆ ಮಾಡಿದ್ದು ಬಾಳಿಕೆ ಬರುತ್ತದೆ. ಮೊದಲ ಕೆಲವು ದಿನ ಸಿಡುಕು, ಬೇಸರ ಇದ್ದೇ ಇರುತ್ತದೆ. ಖಾಲಿಯಾದ ಹೊತ್ತಿಗೆ ಬೇರೇನೂ ಇಲ್ಲದಿದ್ದರೆ ಬೆರಳು ಮತ್ತೆ ಅಲ್ಲಿಗೇ ಹೋಗುತ್ತದೆ. ಆಟದ ಬಯಲು ಇರಲಿ, ಪಂಚಾಯಿತಿಯ ಅರಿವು ಕೇಂದ್ರದಿಂದ ತಂದ ಪುಸ್ತಕ ಇರಲಿ, ಬದಲಿ ಬೇಕು. ಓದುವ ಅಭ್ಯಾಸ ಪೂರ್ತಿ ತಪ್ಪಿದ್ದರೆ ದಿನಕ್ಕೆ 10 ನಿಮಿಷದಿಂದ ಶುರುಮಾಡಿ, ಮೂರು ನಾಲ್ಕು ದಿನಕ್ಕೊಮ್ಮೆ ಎರಡೆರಡು ನಿಮಿಷ ಏರಿಸಿದರೆ ತಿಂಗಳೊಳಗೆ ಅರ್ಧ ಗಂಟೆಯ ಹತ್ತಿರ ಬರಬಹುದು.

ಕಾನೂನು ಎಲ್ಲಿಯವರೆಗೆ ಬಂದಿದೆ

ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರ ಸಾಮಾಜಿಕ ಜಾಲತಾಣ ಖಾತೆಗಳನ್ನು ನಿರ್ಬಂಧಿಸಿದೆ. ಟಿಕ್‌ಟಾಕ್‌ನ ಚೀನೀ ರೂಪವಾದ ಡೌಯಿನ್, 14ರೊಳಗಿನವರಿಗೆ ದಿನಕ್ಕೆ 40 ನಿಮಿಷ ಎಂದು 2021ರಲ್ಲೇ ಮಿತಿ ಹಾಕಿತು. ಕರ್ನಾಟಕ ಹೈಕೋರ್ಟ್‌ನ ಪೀಠವೊಂದು 2023ರ ಸೆಪ್ಟೆಂಬರ್‌ನಲ್ಲಿ, ಜಾಲತಾಣ ಬಳಕೆಗೆ 21 ವರ್ಷದಂಥ ವಯೋಮಿತಿ ಇದ್ದರೆ ಒಳ್ಳೆಯದೆಂದು ಮೌಖಿಕವಾಗಿ ಹೇಳಿತ್ತು. ಮನೆಯವರೆಲ್ಲ ಒಂದೇ ಫೋನ್ ಹಂಚಿಕೊಳ್ಳುವ ನಮ್ಮಲ್ಲಿ ವಯಸ್ಸಿನ ಗೋಡೆ ಅಷ್ಟು ಸುಲಭವಾಗಿ ನಿಲ್ಲದು. ಅದಕ್ಕಿಂತ ಹೆಚ್ಚು ಭರವಸೆ ಇಡಬಹುದಾದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ 9ನೇ ಸೆಕ್ಷನ್. 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು, ಅವರ ವರ್ತನೆಯನ್ನು ಹಿಂಬಾಲಿಸಿ ನಿಗಾ ಇಡುವಂತಿಲ್ಲ, ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವಂತಿಲ್ಲ ಎಂದು ಅದು ಹೇಳುತ್ತದೆ. ಎಷ್ಟು ಸೆಕೆಂಡ್ ನಿಂತಿರಿ ಎಂದು ಎಣಿಸಿಯೇ ಬದುಕುವ ಫೀಡ್‌ನ ಬುಡಕ್ಕೆ ತಾಗುವ ಮಾತು ಇದು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಮುಖ್ಯ ಹೊಣೆಗಾರಿಕೆಗಳಿಗೆ 18 ತಿಂಗಳ ಗಡುವಿದೆ. ವಿನಾಯಿತಿಗಳ ಹೆಸರಿನಲ್ಲಿ ಈ ಸೆಕ್ಷನ್ ಸಡಿಲವಾಗದಂತೆ ಪೋಷಕರು, ಶಿಕ್ಷಕರು ಈಗಲೇ ದನಿ ಎತ್ತಬೇಕು.

ಫೋನ್ ಬಳಕೆ ಹತೋಟಿ ಮೀರಿದೆ ಎನಿಸಿದರೆ ಕಾಯಬೇಡಿ. ಹಲವು ವಾರಗಳಿಂದ ನಿದ್ದೆ ಕೆಟ್ಟಿರುವುದು, ಶಾಲೆ ತಪ್ಪಿಸುವುದು, ಮೊದಲು ಇಷ್ಟವಿದ್ದ ಆಟ ಮತ್ತು ಗೆಳೆಯರನ್ನು ಬಿಟ್ಟಿರುವುದು, ಫೋನ್ ಕೊಡದಿದ್ದರೆ ಕೈ ಎತ್ತುವುದು ಅಥವಾ ತನಗೇ ನೋವು ಮಾಡಿಕೊಳ್ಳುವ ಮಾತಾಡುವುದು ಇವು ಎಚ್ಚರಿಕೆಯ ಗುರುತುಗಳು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಶಟ್ ಕ್ಲಿನಿಕ್ 2014ರಿಂದ ಇದೆ. ದೂರದ ಊರಿನವರು ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ, ಯಾವ ಹೊತ್ತಿನಲ್ಲೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹೋಗುವಾಗ ಅಥವಾ ಕರೆ ಮಾಡುವಾಗ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ತೋರಿಸುವ ಒಂದು ವಾರದ ಬಳಕೆಯ ವಿವರ, ಮಗು ಮಲಗುವ ಮತ್ತು ಏಳುವ ಹೊತ್ತು, ಓದಿನಲ್ಲಿ ಬದಲಾವಣೆ ಶುರುವಾದ ತಿಂಗಳು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಗಮನದ ತೊಂದರೆಯೋ, ನಿದ್ದೆಯದೋ, ಖಿನ್ನತೆಯೋ ಎಂದು ಬೇರ್ಪಡಿಸಲು ವೈದ್ಯರು ಮೊದಲು ಕೇಳುವುದು ಇವನ್ನೇ.